ಮೇಲೆದ್ದ ಕೈ

ಇನ್ಶಿರಾಹ್,

ನಿನ್ನ ಮಗಳು ನೈರೂಜ್ ಇವತ್ತು ಸಿನಿಮಾಕ್ಕಾಗಿ ಮುಳುಗಿದಳು. ನೀನು ಮತ್ತೆ ಮೇಲೆ ಬರದ ಅದೇ ಗೀಜಾ ಬಂಗಲೆಯ ಈಜುಕೊಳ. ನಾಯಕಿಯ ಬದಲು ನೀರಿಗಿಳಿಯುವ, ನೀನು ಮಾಡುತ್ತಿದ್ದ ಕೆಲಸವೇ ಈಗ ಅವಳದೂ. ನಾನು ಇನ್ನೂ ನಟರ ಉಡುಪು ನೋಡಿಕೊಳ್ಳುವವಳು.

ಉಸಿರು ಕಟ್ಟಿದರೆ ಕೈ ಎತ್ತಬೇಕು, ತಕ್ಷಣ ಎಳೆದುಕೊಳ್ಳುತ್ತೇವೆ ಎಂದು ಬೆಳಿಗ್ಗೆ ಮಾತಾಗಿತ್ತು. ಶಾಟ್‌ಗೆ ಮುಂಚೆ ನಿರ್ದೇಶಕ ವಗ್ದಿ ಕೂಗಿದ: "ನೈರೂಜ್, ಮುಳುಗುವಾಗ ಒಂದು ಕೈ ಮೇಲೆತ್ತಮ್ಮ, ಚೆನ್ನಾಗಿ ಕಾಣುತ್ತೆ!"

"ಹಾಗಾದ್ರೆ ಬೇರೆ ಸನ್ನೆ ಇಟ್ಕೊಳ್ಳಿ" ಅಂದೆ.

"ನೀವು ಬಟ್ಟೆ ನೋಡ್ಕೊಳ್ಳಿ, ಹಾಜ್ಜಾ." ವಯಸ್ಸಾಯಿತಲ್ಲ, ಈಗ ಎಲ್ಲರೂ ನನ್ನನ್ನು ಹಾಗೇ ಕರೆಯುವುದು.

ಕೈ ಮೇಲೆ ಬಂತು. "ಅಲ್ಲಾ! ಏನ್ ಹುಡುಗಿ!" ಎಂದು ಎಲ್ಲರೂ ಮೆಚ್ಚಿ ನೋಡುತ್ತಿದ್ದರು. ನಾನು ಉಟ್ಟ ಬಟ್ಟೆಯಲ್ಲೇ ಧುಮುಕಿ ಅವಳ ಜಡೆ ಹಿಡಿದೆಳೆದೆ.

"ಚಿಕ್ಕಮ್ಮಾ, ಹುಚ್ಚಾ ನಿಮಗೆ? ನಾನು ನಟಿಸ್ತಿದ್ದೆ!"

"ಹಾಜ್ಜಾಗೆ ಈಗ ನಾಯಕಿ ಆಗೋ ಆಸೆ!" ಎಂದ ವಗ್ದಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವತ್ತು ನಿನ್ನ ಕೈ ಕೂಡ ಎಷ್ಟು ಚೆನ್ನಾಗಿ ಕಂಡಿತ್ತು, ನಟನೆ ಎಂದೇ ಅಂದುಕೊಂಡೆ! ಮೊದಲು ಚಪ್ಪಾಳೆ ತಟ್ಟಿದ್ದು ಯಾರೆಂದು ನೈರೂಜ್ ಇವತ್ತಿನವರೆಗೆ ಕೇಳಿಲ್ಲ.

ಊಟವಾದ ಮೇಲೆ ಮತ್ತೆ ಅದೇ ಶಾಟ್. ನನ್ನನ್ನು ಕೊಳದ ಹತ್ತಿರ ಬಿಡಬಾರದಂತೆ. ಕೈ ಇನ್ನೂ ಸ್ವಲ್ಪ ಹೊತ್ತು ಮೇಲೇ ಇರಲಿ ಎಂದು ಅವಳಿಗೆ ಹೇಳಿಕೊಡುತ್ತಿದ್ದಾರೆ.