ನೆಲದ ಮೇಲೆ ಇಟ್ಟ ಬೆಂಕಿ

ಜನವರಿ 9
ಮೈನಸ್ ಮೂವತ್ತೆಂಟು. ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಚಾವಣಿ ಹೀಟರಿನ ಫ್ಯಾನ್ ಕೆಟ್ಟು ನಾಲ್ಕನೇ ದಿನ. ಬದಲಿ ಫ್ಯಾನ್ ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಬರಬೇಕು — ಬಂದಿಲ್ಲ. ಸ್ಪಾನರ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಮೂಲೆಯಲ್ಲಿರುವ ಸೀಮೆಎಣ್ಣೆ ಹೀಟರ್ ಹಚ್ಚಲೇ ಎಂದು ಕೇಳಿದೆ.

"ನೆಲದ ಮೇಲೆ ಬೆಂಕಿ ಬೇಡ," ಅಂದ ವರ್ಜಿಲ್ ತಾತ. ಇಲ್ಲಿ ಲೈಸೆನ್ಸ್ ಇರುವ ಮೆಕ್ಯಾನಿಕ್ ಅವನೊಬ್ಬನೇ; ನಾನು ಅವನ ಕೈಕೆಳಗೆ ಕೆಲಸ ಕಲಿಯುವವಳು. "ಪೆಟ್ರೋಲ್ ಆವಿ ಮೇಲೇಳಲ್ಲ ಕಣೇ. ನೆಲ ಹಿಡಿದು ತೆವಳ್ಕೊಂಡು ಬೆಂಕಿ ಹುಡುಕ್ತದೆ."

"ಇದನ್ನ ಹೇಳಿಕೊಟ್ಟಿದ್ರೆ ಸ್ಕೂಲ್ ಬಿಡ್ತಿರಲಿಲ್ಲ."

"ನೀನಾ? ವಿಮಾನ ಕಾಣೋ ಹಾಗೆ ಆ ಕ್ಲಾಸಿಗೆ ಕಿಟಕಿ ಇಟ್ಟದ್ದೇ ತಪ್ಪು."

ಜನವರಿ 11, ಮಧ್ಯಾಹ್ನ
ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹೊರಗೆ ವಿಮಾನದ ಟ್ಯಾಂಕ್ ಪೂರ್ತಿ ತುಂಬಿಸಿ ಒಳಗೆ ತಳ್ಳಿದೆವು. ತಾತ ಕಾಫಿಗೆ ಹೋದ. ನನ್ನ ಬೆರಳು ಮಡಚಲು ಆಗುತ್ತಿರಲಿಲ್ಲ. ಹೀಟರ್ ಹಚ್ಚಿದೆ — ನಾನೇ. ಬಿಸಿ ಏರಿದ ಹಾಗೆ, ಚಳಿಗೆ ಕುಗ್ಗಿದ್ದ ಪೆಟ್ರೋಲ್ ಹಿಗ್ಗಿ ರೆಕ್ಕೆಯಡಿಯ ಕೊಳವೆಯಿಂದ ತೊಟ್ಟಿಕ್ಕುತ್ತಿತ್ತು. ನೋಡಲೇ ಇಲ್ಲ. ನೆಲದುದ್ದಕ್ಕೂ ನೀಲಿ ಉರಿ ಓಡಿತು... ತಾತ ಬಂದು ಆರಿಸಿದ. ಎಡ ರೆಕ್ಕೆ ಸುಟ್ಟುಹೋಯಿತು. ತಾತನ ಹುಬ್ಬುಗಳೂ.

ಜನವರಿ 13
ವಿಚಾರಣೆಗೆ ವಿಮಾನಯಾನ ಇಲಾಖೆಯ ಅಧಿಕಾರಿ ಬಂದಿದ್ದಳಂತೆ. ನನ್ನನ್ನು ಬೇಕೆಂದೇ ಅಂಗಡಿಗೆ ಕಳಿಸಿದ್ದರು. ಹೀಟರ್ ಹಚ್ಚಿದ್ದು ತಾನೇ ಎಂದು ತಾತ ಬರೆದುಕೊಟ್ಟಿದ್ದಾನೆ.

"ಮೂವತ್ತೈದು ವರ್ಷದಲ್ಲಿ ಒಂದು ತಪ್ಪು. ಅವನಿಗೆ ಬರೀ ಎಚ್ಚರಿಕೆ ಪತ್ರ ಬರ್ತದೆ," ಅಂದ ಹ್ಯಾಂಗರ್ ಯಜಮಾನ, ನನ್ನ ಲೆಸ್ಟರ್ ಮಾವ. "ನಿನ್ನ ಹೆಸರು ಬಂದ್ರೆ ಏಪ್ರಿಲ್‌ನಲ್ಲಿ ಲೈಸೆನ್ಸ್ ಪರೀಕ್ಷೆಗೆ ಕೂರೋಕೂ ಬಿಡಲ್ಲ ಎಫಿ. ಬಾಯ್ಮುಚ್ಕೊಂಡಿರು."

"ಅದು ಸುಳ್ಳು, ಮಾವ."

"ಹೌದು, ಸುಳ್ಳು. ಸೂಪ್ ಆರೋಗ್ತದೆ, ಕುಡಿ."

ಜನವರಿ 19
ಊರೆಲ್ಲ ಆಡಿಕೊಳ್ಳುತ್ತಿದೆ — ಮುದುಕನಿಗೆ ಅರಳುಮರಳು ಎಂದು. ತಾತನೂ ಜೊತೆಗೆ ನಗುತ್ತಾನೆ. "ಹುಬ್ಬು ಬರೋವರೆಗೆ ಯಾರೂ ನನ್ನ ಗುರುತು ಹಿಡಿಯಲ್ಲ ಬಿಡು."

ಇವತ್ತು ಅಧಿಕಾರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

ಫೆಬ್ರವರಿ 3
ಪತ್ರ ಬಂತು. ಬೆಂಕಿಗಾಗಿ ಅಲ್ಲ — ಸುಳ್ಳು ಹೇಳಿಕೆ ಬರೆದುಕೊಟ್ಟದ್ದಕ್ಕೆ ತಾತನ ಲೈಸೆನ್ಸ್ ರದ್ದು. ನನಗೆ ಎರಡು ವರ್ಷ ಪರೀಕ್ಷೆ ಇಲ್ಲ. ಫ್ಯಾನ್ ಕೂಡ ಇವತ್ತೇ ಬಂತು. ಮಾವ ಪೆಟ್ಟಿಗೆ ಬಿಚ್ಚಲಿಲ್ಲ. ಮೆಕ್ಯಾನಿಕ್ ಇಲ್ಲದ ಹ್ಯಾಂಗರ್ ಯಾರಿಗಾಗಿ ಬೆಚ್ಚಗಿರಬೇಕು?

ಫೆಬ್ರವರಿ 4
ತಾತನ ಮನೆಗೆ ಹೋದೆ. ಮೀನಿನ ಬಲೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ.

"ಆ ಅಧಿಕಾರಿ ಹೆಂಗಸು ನಿನ್ನನ್ನ ಏನಾದ್ರೂ ಕೇಳಿದ್ಲಾ?"

"ಇಲ್ಲ."

"ಮತ್ತೆ ಯಾರಿಗೋಸ್ಕರ ಹೇಳ್ದೆ?"

"ನಿನಗೋಸ್ಕರ ತಾತ. ಜನ ನಿನ್ನ ನೋಡಿ ನಗ್ತಿದ್ರು..."

ತಲೆಯಾಡಿಸಿದ. ನಂಬಿದ. ಚಹಾ ಕೊಟ್ಟ.

ನಾನು ಹೇಳಿದ್ದು ಸುಳ್ಳು. ಜನರ ನಗು ಅವನಿಗೆ ತಾಕಿಯೇ ಇರಲಿಲ್ಲ. ಸುಳ್ಳು ಹೇಳದವಳು ಅನ್ನಿಸಿಕೊಳ್ಳಬೇಕಿತ್ತು ನನಗೆ, ಅಷ್ಟೇ. ಅದಕ್ಕಾಗಿ ಅವನ ಮೂವತ್ತೈದು ವರ್ಷದ ಕೆಲಸ ಕಳೆದೆ.