ಕಕ್ಕಿಂಜೆಯ ಕೆಂಪು ಚುಕ್ಕಿ

ಪ್ರೀತಿಯ ಫಾಯಿಝಾ,

ಮೂಡುಬಿದಿರೆಯ ಕಾಲೇಜಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಈಗ ನೀನು ಉಪಗ್ರಹದ ಕಣ್ಣಿನಿಂದ ಕಾಡ್ಗಿಚ್ಚು ಹುಡುಕಿ, ಯಾವ ಗುಡ್ಡೆಯಿಂದ ಎಷ್ಟು ಇಂಗಾಲ ಆಕಾಶಕ್ಕೆ ಏರಿತೆಂದು ಅಳೆಯುವವಳು. ನಾನು ಅದೇ ಬೆಂಚಿನ ಎದುರು ನಿಂತು ಹಾಜರಿ ಕರೆಯುವವಳು. ನಿನ್ನ ವರದಿ ಬಂದಾಗ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಹೊಗಳಿದ್ದು ನಾನೇ. ಆ ಹೊಗಳಿಕೆಯಲ್ಲಿ ಸ್ವಲ್ಪ ಹೊಗೆಯೂ ಇತ್ತು. ಕಾಡ್ಗಿಚ್ಚು ಹಿಡಿಯುವ ನಿನ್ನ ಉಪಗ್ರಹಕ್ಕೆ ಹೊಟ್ಟೆಕಿಚ್ಚು ಕಾಣುವುದಿಲ್ಲ, ನನ್ನ ಪುಣ್ಯ.

ವರದಿಯನ್ನು ಓದಿದ್ದು ತಪ್ಪು ಹುಡುಕಲಿಕ್ಕೆಂದೇ. ಸಿಕ್ಕಿತು. ಕಕ್ಕಿಂಜೆಯ ನಮ್ಮ ಮನೆಯ ಹಿಂದೆ, ಫೆಬ್ರವರಿಯ ಒಂದು ಸೋಮವಾರ, ನಕ್ಷೆಯಲ್ಲಿ ಕೆಂಪು ಚುಕ್ಕಿ. ಹಿಂದಿನ ದಿನ ನಾನು ಮಲ್ಲಿಗೆ ಗಿಡಗಳಿಗೆಂದು ಸುಡುಮಣ್ಣು ಮಾಡಿದ್ದೆ: ತರಗೆಲೆ, ಕಸಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು. ಗೊಬ್ಬರದ ರಾಶಿಯನ್ನು ಕಾಡ್ಗಿಚ್ಚೆಂದು ಎಣಿಸಿದ್ದಾಳೆ ಎಂದು ನಿನಗಲ್ಲ, ನಿನ್ನ ಮಾರ್ಗದರ್ಶಕರಿಗೇ ಬರೆದೆ. ನೀನು ಚುಕ್ಕಿ ಅಳಿಸಿದೆ. ಗುಂಪಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು, "ನವ್ಯಾ ಹೇಳದಿದ್ದರೆ ನನ್ನ ಮರ್ಯಾದೆ ಹೋಗ್ತಿತ್ತು ಮಾರಾಯ್ರೆ" ಎಂದೆ. ಆ ವಾರವೆಲ್ಲ ನಾನು ಹಾಜರಿಯನ್ನು ಹಾಡಿನ ಹಾಗೆ ಕರೆದೆ.

ಮೊನ್ನೆ ಸೊಪ್ಪು ತರಲು ಬೇಲಿ ದಾಟಿ ಗುಡ್ಡೆ ಹತ್ತಿದರೆ ಮರಗಳ ಬುಡವೆಲ್ಲ ಕಪ್ಪು. ಆಚೆಮನೆಯ ಹುಕ್ರಪ್ಪಣ್ಣನನ್ನು ಕೇಳಿದೆ.

"ನಿಮ್ಮ ಸುಡುಮಣ್ಣೇ ಟೀಚರೇ. ನೀವು ಕಾಲೇಜಿಗೆ ಹೋದಿರಿ, ಅದು ಗುಡ್ಡೆಗೆ ಹೋಯ್ತು."

ಹಸಿ ಸೊಪ್ಪಿನಲ್ಲಿ ಬಡಿದು ನಂದಿಸಿದ್ದು ಅವರು. ನನಗೆ ಬೇಸರವಾದೀತೆಂದು ಹೇಳಿರಲಿಲ್ಲವಂತೆ. ಸುಡುಮಣ್ಣು ಆರುವ ತನಕ ಎರಡು ಮೂರು ದಿನ ಕಾವಲಿರಬೇಕೆಂದು ಅಮ್ಮ ಎಷ್ಟು ಸಲ ಹೇಳಿದ್ದಳು! ನಾನು ಮರುದಿನವೇ ಪರೀಕ್ಷೆ ಡ್ಯೂಟಿಯೆಂದು ಬಸ್ಸು ಹತ್ತಿದ್ದೆ.

ನಿನ್ನ ಚುಕ್ಕಿ ಸರಿ ಇತ್ತು ಫಾಯಿಝಾ. ಅದನ್ನು ಮತ್ತೆ ಹಾಕು. ಈ ಪತ್ರವನ್ನೇ ನಿನ್ನ ಮಾರ್ಗದರ್ಶಕರಿಗೂ ಗುಂಪಿಗೂ ಕಳಿಸುತ್ತಿದ್ದೇನೆ. ಹೊಗೆಯ ಪ್ಯಾರಾ ತೆಗೆದು ಕಳಿಸುವ ಎಂದು ಕಂಡಿತ್ತು, ತೆಗೆಯಲಿಲ್ಲ. ನಿನ್ನ ಕೆಲಸದಲ್ಲಿ ನನ್ನ ಪಾಲೂ ಇರಬೇಕಿತ್ತೆಂದು ಎಷ್ಟು ವರ್ಷ ಕರುಬಿದ್ದೇನೆ. ಈಗ ನೀನು ಅಳೆದ ಇಂಗಾಲದಲ್ಲಿ ಒಂದು ಪಾಲು ನನ್ನದುಂಟು.

ನಿನ್ನ ಹೆಸರು ಬೆಳೆಯಲಿ, ನಕ್ಷೆಯ ಚುಕ್ಕಿಗಳು ಕಡಿಮೆಯಾಗಲಿ. ನನ್ನ ಹೊಟ್ಟೆಯೊಳಗಿನದು ಇನ್ನೂ ಆರಿಲ್ಲ. ಈ ಸಲ ಬಿಟ್ಟು ಹೋಗದೆ ಕಾವಲು ಕೂತಿದ್ದೇನೆ.

ಇಂತು, ನಿನ್ನ ಬೆಂಚಿನ
ನವ್ಯಾ