ನೇರಳೆ ಕಾಗದದ ಪೊಟ್ಟಣ

ಮಾರ್ಚ್ 3, ಸಂಜೆ

ಮತ್ತೆ ಇಸೊನೆ ಊರು. ಅದೇ ಹೋಟೆಲು, ಮಹಡಿ ಮೇಲಿನ ಅದೇ ರೂಮು, ಅದೇ ಒಣಮೀನಿನ ವಾಸನೆ. ಬಂದ ಕೂಡಲೇ ಮೀನುಗಾರರ ಸಂಘದ ಅಧ್ಯಕ್ಷ ಕುದೋನ ಮನೆ. ಬರಿಗೈಯಲ್ಲಿ ಹೋಗುವಂತಿಲ್ಲ. ಟೋಕಿಯೋದ ನಮ್ಮನೆ ಕೆಳಗಿನ ಅಂಗಡಿಯ ಮಿಠಾಯಿ, ನೇರಳೆ ಕಾಗದದ್ದು. ಎಲ್ಲಿಗೆ ಹೋದರೂ ಅದನ್ನೇ ಒಯ್ಯುವುದು.

"ಏನಮ್ಮ ಲೇಖಕಿ, ಹೋದ ಪುಸ್ತಕದಲ್ಲಿ ಗಣಿಯವರ ಮಾನ ಕಳೆದೆ. ಈ ಸಲ ನಮ್ಮದಾ?"

ನಕ್ಕೆ. ಅವನು ನಗಲಿಲ್ಲ.

ಆಮೇಲೆ ಹಿತ್ತಲ ದಾರಿಯಲ್ಲಿ ತೋಮೆ ಅಜ್ಜಿಯ ಮನೆಗೆ. ಅಂತೂ ಬಾಯಿಬಿಟ್ಟಳು. ಸತ್ತ ಗಂಡ ಇಲ್ಲಿನ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದವನು. ವಿಷದ ಡ್ರಮ್ಮುಗಳನ್ನು ತಡೆಗೋಡೆಯಾಚೆ ಸಮುದ್ರಕ್ಕೆ ಉರುಳಿಸಿದವನು ಅವನೇ.

"ನನ್ನ ಹೆಸರು ಬರೀಬೇಡ ಕಣೇ. ಮಗ ಇನ್ನೂ ಅಲ್ಲೇ ದುಡೀತಾನೆ. ಅವನ ಅನ್ನಕ್ಕೆ ಕಲ್ಲು ಬೀಳತ್ತೆ."

ಮಾತು ಕೊಟ್ಟೆ. ಅದೇ ಮಿಠಾಯಿಯ ಪೊಟ್ಟಣವೊಂದನ್ನೂ ಕೊಟ್ಟು ಬಂದೆ.

ಮಾರ್ಚ್ 5, ಬೆಳಿಗ್ಗೆ

ಸಂಪಾದಕನ ಫೋನ್. "ನೀರಿನ ಟೆಸ್ಟ್ ಒಂದೇ ಸಾಲಲ್ಲ. ಕಣ್ಣಾರೆ ಕಂಡವರು ಯಾರಾದ್ರೂ ಹೆಸರು ಹಾಕಿ ಹೇಳ್ಬೇಕು. ಇಲ್ಲಾಂದ್ರೆ ಅಚ್ಚಾಗಲ್ಲ." ಎಲ್ಲಿಂದ ತರಲಿ?

ಹೋಟೆಲಿನವಳು ಶಿಗೆ ಮೂಲಂಗಿ ಹೆರೆಯುತ್ತ ಹೇಳಿದಳು — "ನಾಳಿದ್ದು ತೋಮೆ ಗಂಡನ ವರ್ಷದ ಪೂಜೆ. ಊರಿಗೆ ಊರೇ ಹೋಗಿ ಧೂಪ ಹಾಕತ್ತೆ. ಕುದೋ ಬರದೆ ಶುರು ಆಗಲ್ಲ, ಅವರಿಬ್ರೂ ಚಡ್ಡಿ ದೋಸ್ತರು."

ಆಗ ಹೊಳೆಯಿತು. ಮೊನ್ನೆ ತೋಮೆ ಆ ಪೊಟ್ಟಣವನ್ನು ಬಿಚ್ಚಲಿಲ್ಲ. ನನ್ನ ಕಣ್ಣೆದುರೇ ಮನೆಯ ಪೀಠದ ಮೇಲೆ, ಗಂಡನ ಫೋಟೋ ಮುಂದೆ ಇಟ್ಟಳು. ಕುದೋನ ಮನೆಯಲ್ಲೂ ಅದೇ ನೇರಳೆ ಕಾಗದ. ಅವನು ನೋಡಿದರೆ ಸಾಕು, ನಾನು ತೋಮೆಯ ಮನೆಗೆ ಹೋಗಿದ್ದೆ ಅಂತ ಗೊತ್ತಾಗುತ್ತದೆ. ಅಯ್ಯೋ, ನನ್ನ ಬುದ್ಧಿಗಿಷ್ಟು!

ಫೋನ್ ಮಾಡಿದೆ. ತೋಮೆಯ ಮಗ ಎತ್ತಿದ. ಇಟ್ಟುಬಿಟ್ಟೆ.

ಅದೇ ದಿನ, ಮಧ್ಯಾಹ್ನ

ಪೂಜೆಗೆಂದು ತೋಮೆಯ ಮನೆ ತುಂಬ ನೆಂಟರು. ಹೋದರೆ ಅವಳನ್ನು ನಾನೇ ಹಿಡಿದುಕೊಟ್ಟ ಹಾಗೆ. ಒಂದು ಹುಚ್ಚು ಯೋಚನೆ. ಒಂದು ಮನೆಯಲ್ಲಿದ್ದರೆ ಸಾಕ್ಷಿ, ಎಲ್ಲ ಮನೆಯಲ್ಲೂ ಇದ್ದರೆ? ಟೋಕಿಯೋದ ಅಂಗಡಿಗೆ ಫೋನ್ ಮಾಡಿದೆ. ಇದ್ದಷ್ಟೂ ಕಳಿಸಿ, ಇವತ್ತೇ.

ಮಾರ್ಚ್ 6

ಪಾರ್ಸೆಲ್ ಬಂತು. ಮನೆಮನೆಗೂ ಹಂಚಿದೆ.

"ಎಲೆಕ್ಷನ್‌ಗೆ ನಿಂತ್ಯೇನೇ?"

"ಈ ವಯಸ್ಸಲ್ಲಿ ಮದುವೆ ಗಿದುವೆನಾ?"

ಹಲ್ಲು ಕಚ್ಚಿ ನಗುತ್ತಲೇ ಮುಂದಿನ ಬಾಗಿಲು ತಟ್ಟಿದೆ. ತೋಮೆಯ ಮನೆ ಬಿಟ್ಟು ಮುಂದೆ ಹೋದೆ. ಅಲ್ಲಿ ಒಂದು ಇದೆಯಲ್ಲ.

ಮಾರ್ಚ್ 7, ಸಂಜೆ

ಇಡೀ ದಿನ ಕಿಟಕಿ ಬಿಟ್ಟು ಏಳಲಿಲ್ಲ. ಪೂಜೆ ಮುಗಿಸಿ ಕಪ್ಪು ಬಟ್ಟೆಯವರೆಲ್ಲ ವಾಪಸಾದರು. ಕೊನೆಗೆ ಕುದೋ. ಮನೆಗೆ ಹೋಗಲಿಲ್ಲ, ನೇರ ಇಲ್ಲಿಗೆ ಬಂದ. ಕೈಯಲ್ಲಿ ಬಟ್ಟೆಯ ಗಂಟು. ಬಾಗಿಲಲ್ಲೇ ಬಿಚ್ಚಿದ. ನೇರಳೆ ಪೊಟ್ಟಣ.

"ತೋಮೆ ಮನೇದು. ಮೇಲೆ ಧೂಪದ ಬೂದಿ ನೋಡು, ಎಷ್ಟು ಕೂತಿದೆ. ನೀನು ನಿನ್ನೆ ಹಂಚಿದ್ದಾದ್ರೆ ಇಷ್ಟು ಕೂರತ್ತಾ? ಊರಿಗೇ ಮಿಠಾಯಿ ಹಂಚೋಷ್ಟು ಬುದ್ಧಿ ಇದೆ, ಬೂದಿ ನೆನಪಾಗಲಿಲ್ಲ."

ಅವಳ ಮಗನನ್ನು ಬಿಟ್ಟುಬಿಡಿ ಎಂದೆ. ಕೈಮುಗಿದೆನೋ ಏನೋ, ನೆನಪಿಲ್ಲ.

"ಬೇರೆಯವರ ಕಣ್ಣಿಗೆ ಬೀಳೋ ಮೊದಲೇ ಎತ್ಕೊಂಡು ಬಂದೆ ಕಣಮ್ಮ," ಎಂದ. ಹೊಸಿಲ ಮೇಲೆ ಕುಸಿದು ಕೂತ. "ಲಾರಿಯಲ್ಲಿ ಗಂಡನ ಪಕ್ಕ ಕೂತಿದ್ದವನು ಯಾರು ಅಂತ ತೋಮೆ ಹೇಳಲಿಲ್ವಾ?"

ಇಲ್ಲ ಎಂದೆ.

"ಹೇಳಲ್ಲ ಅವಳು. ಇವತ್ತೂ ನನಗೇ ಮೊದಲು ಧೂಪ ಹಾಕು ಅಂದಳು. ಫೋಟೋ ಕಡೆ ನೋಡೋಕಾಗಲಿಲ್ಲ ನನಗೆ." ಮೂಗು ಒರೆಸಿಕೊಂಡ. "ಅವಳ ಹೆಸರು ಬೇಡ. ನಂದು ಹಾಕು. ಪೂರ್ತಿ ಹೆಸರು."

ಪೆನ್ನು ತರಲು ಮೇಲೆ ಬಂದೆ. ಅವನ ಮಾತು ಮರೆಯುವ ಮೊದಲು ಇಲ್ಲಿ ಗೀಚಿದೆ. ಕೆಳಗೆ ಶಿಗೆ ಅವನಿಗೆ ಚಹಾ ಕೊಟ್ಟಿದ್ದಾಳೆ. ಯಾರೋ ಬಾಗಿಲು ಸರಿಸಿದ ಸದ್ದು. ಮನಸ್ಸು ಬದಲಾಯಿಸಿ ಎದ್ದು ಹೋದನಾ? ಇಲ್ಲ, ಕೆಮ್ಮು ಕೇಳಿಸಿತು, ಇದ್ದಾನೆ, ಇನ್ನೂ ಇದ್ದಾನೆ. ಈ ಪೆನ್ನನ್ನೇ ಹಿಡಿದು ಇಳಿಯುತ್ತೇನೆ.